ನನ್ನ ನಾದಿನಿ ಕಟ್ಟಿದ ಹನ್ನೊಂದು ಮನೆ

ನನ್ನ ನಾದಿನಿ ಇಲ್ಲಿಯವರೆಗೆ ಹನ್ನೊಂದು ಮನೆ ಕಟ್ಟಿದ್ದಾಳೆ. ಒಂದರಲ್ಲೂ ಕುಡಿಯಲು ಒಂದು ಲೋಟ ನೀರು ಸಿಗುವುದಿಲ್ಲ! ಮಳೆ ಬಂದರೆ ಇಷ್ಟೂ ಮನೆಗಳ ಒಡತಿ ಓಡಿ ಬಂದು ನಮ್ಮ ಮನೆಯಲ್ಲೇ ನಿಲ್ಲಬೇಕು.

ಮಕ್ಕಳೇ, ಅವಳನ್ನು ನೀವು ಬಲ್ಲಿರಿ. ನಿಮ್ಮ ಅಪ್ಪನ ಸೋದರತ್ತೆ. ನಾಗಪುರದ ಬಿಸಿಲಿಗೂ ಕೊಡೆ ಹಿಡಿಯದೆ, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಬರುವವಳು. ಜನ ಅವಳನ್ನು ಕಲಾವಿದೆ ಎನ್ನುತ್ತಾರೆ. ಆದರೆ ಚಿತ್ರ ಬರೆಯುವುದಿಲ್ಲ, ಮೂರ್ತಿ ಕೆತ್ತುವುದಿಲ್ಲ. ಯಾವುದೋ ಸಭಾಂಗಣದಲ್ಲೋ ಅಂಗಳದಲ್ಲೋ ಕೈಗೆ ಸಿಕ್ಕ ಸಾಮಾನಿನಿಂದ ಕೋಣೆ, ಓಣಿ, ಮೆಟ್ಟಿಲು ಕಟ್ಟುತ್ತಾಳೆ. ಜನ ಒಳಗೆ ಹೋಗಿ ಸುತ್ತಾಡಿ, ಹೊರಗೆ ಬಂದು ಗಂಭೀರವಾಗಿ ತಲೆ ಆಡಿಸುತ್ತಾರೆ. ತಿಂಗಳಾದ ಮೇಲೆ ಅವಳೇ ಎಲ್ಲ ಬಿಚ್ಚಿಬಿಡುತ್ತಾಳೆ. ಇದಕ್ಕೆ ಇನ್‌ಸ್ಟಲೇಶನ್ ಅನ್ನಬೇಕಂತೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ನನಗೆ ಅದು ಕಟ್ಟಿ ಕೆಡವುವ ಆಟ.

ಅವಳಿಗೆ ನನ್ನ ಮೇಲೆ ಇದ್ದದ್ದು ಒಂದೇ ದೂರು: ಮೊದಲ ಹತ್ತು ಮನೆಗಳಲ್ಲಿ ಒಂದರೊಳಗೂ ವೈನಿ, ಅಂದರೆ ಅವಳ ಅತ್ತಿಗೆಯಾದ ನಾನು, ಕಾಲಿಡಲಿಲ್ಲ. ನಿಜವೇ. ಏನು ಮಾಡಲಿ? ನಾಲ್ಕು ಜನ ನಿಂತಿದ್ದರೆ ನನ್ನ ಕಾಲು ಮುಂದೆ ಬರುವುದಿಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದಷ್ಟು ವರ್ಷವೂ, ನಿಮ್ಮ ಅಜ್ಜನನ್ನು ನೋಡಲು ಯಾರೇ ಬರಲಿ, ನಾನು ಅಡಿಗೆಮನೆ ಬಾಗಿಲಿನ ಹಿಂದೆ ನಿಂತು ಮಾತಾಡಿದವಳು. "ಚಹಾ ಮಾಡಲೇನ್ರಿ?" ಎಂಬ ನನ್ನ ದನಿ ಕೇಳಿದವರು ಬಹಳ, ಮುಖ ನೋಡಿದವರು ಕಡಿಮೆ.

ಆ ಬಾಗಿಲಿನದೂ ಒಂದು ಕಥೆ. ನಿಮ್ಮ ಅಜ್ಜ ಆರಡಿ ಎತ್ತರ. ಬಾಗಿಲು ಅವರಿಗಿಂತ ನಾಲ್ಕು ಬೆರಳು ಗಿಡ್ಡ. ದಿನಾ ಬೆಳಗ್ಗೆ ಚಹಾಕ್ಕೆ ಒಳಗೆ ಬರುವಾಗ ಢಣ್! ಮೊದಲು ಕನ್ನಡದಲ್ಲಿ ಬೈಯುತ್ತಿದ್ದರು, ನೋವು ಹೆಚ್ಚಾದರೆ ಮರಾಠಿಯಲ್ಲಿ. ಕೊನೆಗೊಂದು ದಿನ ತಮ್ಮ ಕೆಂಪು ಅಂಚಿನ ಹಳೆ ಟವೆಲನ್ನು ದಪ್ಪಗೆ ಮಡಚಿ ಮೇಲಿನ ಚೌಕಟ್ಟಿಗೆ ಮೊಳೆ ಹೊಡೆದರು. ಅಂದಿನಿಂದ ಢಣ್ ಹೋಗಿ ದಪ್ ಆಯಿತು. ಬೈಗುಳ ಮಾತ್ರ ನಿಲ್ಲಲಿಲ್ಲ!

ನಾದಿನಿಗೆ ಅಳತೆಯ ಟೇಪಿನ ಮೇಲೆ ನಂಬಿಕೆಯಿಲ್ಲ. "ಟೇಪಿಗೆ ಮನಿ ಏನ್ ಗೊತ್ತಾಗತೈತ್ರಿ ವೈನಿ? ಮೈಗೆ ಗೊತ್ತಾಗಬೇಕು" ಎನ್ನುತ್ತಾಳೆ. ಒಂದು ಮಧ್ಯಾಹ್ನ ಅಳತೆಗೆಂದು ನಮ್ಮ ಅಡಿಗೆಮನೆ ನೆಲದ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದ್ದಳು. ಅದೇ ಹೊತ್ತಿಗೆ ನಿಮ್ಮ ಅಜ್ಜನ ಗೆಳೆಯರಿಬ್ಬರು ವಾಡಿಯಿಂದ ಬರಬೇಕೇ! ಬಾಗಿಲಲ್ಲಿ ಎರಡು ಕಾಲು ಕಂಡವು. "ಅರೆ, ವಹಿನಿ ಚಕ್ಕರ್ ಬಂದು ಬಿದ್ದಾರ!" ಎಂದು ಇಬ್ಬರೂ ಓಡಿಬಂದರು. ನನ್ನ ಮುಖ ಕಂಡವರಲ್ಲವಲ್ಲ, ಬಿದ್ದವಳು ನಾನೇ ಎಂದುಕೊಂಡರು. "ಕಾಂದಾ ಆಣಾ, ಜಲ್ದಿ!" ಎಂದು ಒಬ್ಬರು ಕೂಗಿದರು. ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಬೇಕಿತ್ತು. ಬಾಗಿಲ ಹಿಂದಿನಿಂದ ಕೈಯಷ್ಟೇ ಚಾಚಿ ಉಳ್ಳಾಗಡ್ಡಿ ಕೊಟ್ಟವಳು ಯಾರು? ನಾನೇ! ನಾದಿನಿ ಕಣ್ಣು ತೆರೆಯದೆ, "ಸ್ವಲ್ಪ ಸರೀರಿ, ಗ್ವಾಡಿ ಇನ್ನೂ ಮುಟ್ಟಿಲ್ಲ" ಎಂದಳು. ಆಮೇಲೆ ಧಡಕ್ಕನೆ ಎದ್ದು ಕೂತು, "ಬರೋಬರ್! ಈ ಅಡಿಗಿಮನಿ ಅಂದ್ರ ಒಂದು ನಾನು, ಅರ್ಧ ವೈನಿ!"

ಒಮ್ಮೆ ಕಳಮನಾ ಮಾರ್ಕೆಟ್ಟಿನಿಂದ ಕಿತ್ತಳೆಯ ಖಾಲಿ ಪೆಟ್ಟಿಗೆಗಳನ್ನು ತಂದು, ಅದರೊಳಗಿನ ಹುಲ್ಲಿನ ಸಮೇತ ಒಂದು ಅಂಗಳದಲ್ಲಿ ಕೋಣೆ ಕಟ್ಟಿದಳು. ಎರಡನೆಯ ದಿನ ಬೀದಿಯ ಆಕಳೊಂದು ಒಳಗೆ ನುಗ್ಗಿ ಪೂರ್ವದ ಗೋಡೆಯನ್ನು ತಿಂದುಬಿಟ್ಟಿತು! ನೋಡಲು ಬಂದವರು ಹೌಹಾರಿದರು. ಇವಳು ಮಾತ್ರ ಆಕಳ ಬೆನ್ನು ಸವರುತ್ತ, ಹೊರಗೆ ಚಪ್ಪಲಿಯ ರಾಶಿಯ ಪಕ್ಕದಲ್ಲಿ ನಿಂತಿದ್ದ ನನಗೆ, "ನೋಡ್ರಿ ವೈನಿ, ಆಕಳೂ ಒಳಗ ಬಂದು ಹೋತು. ನೀವಷ್ಟ ಬರವಲ್ರಿ!" ಎಂದಳು.

ನಿಮ್ಮ ಅಜ್ಜ ಹೋದ ಮೇಲೆ ಕ್ವಾರ್ಟರ್ಸು ಬಿಡಬೇಕಾಯಿತು. ಸಾಮಾನು ಕಟ್ಟಿದ ದಿನ ಬಾಗಿಲ ಮೇಲೆ ನೋಡಿದರೆ ಟವೆಲಿಲ್ಲ, ಬರೀ ಮೊಳೆಯ ತೂತು. ಲಾರಿಯವರ ಮುಂದೆ ಹಳೆಯ ಟವೆಲು ಎಲ್ಲಿ ಎಂದು ಹೇಗೆ ಕೇಳುವುದು? ಹಾಗೇ ಹೊರಟುಬಂದೆ. ವರ್ಷದೊಳಗೆ ಆ ಸಾಲಿನ ಮನೆಗಳನ್ನೆಲ್ಲ ಕೆಡವಿದರು.

ಈ ವರ್ಷ ನಾದಿನಿ ಬಂದು ಸೊಳ್ಳೆಪರದೆ ಕೇಳಿದಳು.

"ಎಷ್ಟು ಬೇಕವಾ?"

"ಇದ್ದಷ್ಟೂ ಕೊಡ್ರಿ."

ಕೊಟ್ಟೆ. ತಿಂಗಳಿಡೀ ಮನೆಮಂದಿಯೆಲ್ಲ ಚಪ್ಪಾಳೆ ಹೊಡೆಯುತ್ತ ಮಲಗಿದೆವು. "ಆತ್ಯಾಲಾ ಕಲಾ, ಆಪಲ್ಯಾಲಾ ಮಲೇರಿಯಾ!" ಎಂದು, ಅತ್ತೆಗೆ ಕಲೆ, ನಮಗೆ ಮಲೇರಿಯಾ ಎಂದು, ನಿಮ್ಮಲ್ಲಿ ಚಿಕ್ಕವಳು ಅಂದದ್ದು ಮರೆಯುವಂತಿಲ್ಲ. ಅವತ್ತು ಪರದೆಗಳ ಗಂಟು ಹೊತ್ತು ಹೊರಟಾಗ ನಾದಿನಿ ಬಾಗಿಲಲ್ಲಿ ತಿರುಗಿ ನಿಂತಳು. "ಮೊಳಕಾಲು ಹೋಗ್ಯಾವ್ರಿ ವೈನಿ. ಇದ ಕಡೀ ಮನಿ. ಇದಕ್ಕರ ಒಳಗ ಬರ್ರಿ." ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೂಂ ಎಂದೆನಾದರೂ ನನಗೇ ನಂಬಿಕೆಯಿರಲಿಲ್ಲ.

ನಿಮ್ಮ ಅಪ್ಪ ಕರೆದುಕೊಂಡು ಹೋದ. ಸಭಾಂಗಣದ ತುಂಬ ಜನ. ಎಂದಿನಂತೆ ಹೊಸ್ತಿಲಲ್ಲೇ ನಿಂತೆ. ಈ ಸಲ ನಾದಿನಿ ಕರೆಯಲಿಲ್ಲ, ಆಕಳ ಮಾತೂ ಎತ್ತಲಿಲ್ಲ. ಮೂಲೆಯಲ್ಲಿ ನಿಂತು ಹಗ್ಗ ಸುತ್ತುತ್ತಿದ್ದಳು. ನಮ್ಮ ಸೊಳ್ಳೆಪರದೆಗಳೇ ಗೋಡೆಗಳಾಗಿದ್ದವು. ಬಾಗಿಲ ಹಿಂದೆ ನಿಂತರೂ ಎಲ್ಲರಿಗೂ ಕಾಣುವಂಥ ಮನೆ! ಇಲ್ಲಿ ಪಡಸಾಲೆ, ಅಲ್ಲಿ ಕಿಟಕಿ, ಆಚೆಗೆ ಒಲೆಯ ಕಟ್ಟೆ, ಅಡಿಗೆಮನೆಯ ಅಳತೆ ಒಂದು ನಾದಿನಿ, ಅರ್ಧ ನಾನು. ನಮ್ಮ ಕ್ವಾರ್ಟರ್ಸು! ಅಡಿಗೆಮನೆಗೆ ಮಾತ್ರ ನಿಜವಾದ ಮರದ ಚೌಕಟ್ಟು ಇತ್ತು, ಗಿಡ್ಡದು. ಅದರ ಮೇಲೆ ಮೊಳೆ ಹೊಡೆದ ಕೆಂಪು ಅಂಚಿನ ಟವೆಲು. ನಡುವೆ ತಲೆಯೆಣ್ಣೆಯ ಕಪ್ಪು ಕಲೆ ಹಾಗೆಯೇ ಇತ್ತು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಯಾರು ಯಾರು ನೋಡಿದರೋ ತಿಳಿಯದು. ಆ ಬಾಗಿಲಿಗೆ ಬಂದಾಗ, ಐದಡಿಯೂ ಇಲ್ಲದ ನಾನು ಯಾಕೋ ತಲೆ ಬಗ್ಗಿಸಿದೆ.

"ನೀವ್ಯಾಕ ಬಗ್ಗತೀರಿ ವೈನಿ? ನಿಮ್ಮ ತಲಿ ಮ್ಯಾಲ ಇನ್ನೊಂದು ಆಕಳ ಹಿಡಸತೈತಿ!" ಎಂದಳು ನಾದಿನಿ ಹಿಂದಿನಿಂದ. ನಗಿಸಲೆಂದೇ ಅಂದದ್ದು.

ನಾನು ಒಲೆಯ ಕಟ್ಟೆಯ ಬಳಿ, ಅಷ್ಟೂ ಜನರ ಎದುರಿಗೆ, ಬಾಗಿಲ ಕಡೆ ಮುಖ ಮಾಡಿ ನಿಂತು, ಆ ದಪ್ ಶಬ್ದಕ್ಕೆ ಒಂದು ಗಳಿಗೆ ಕಾದೆ.