ರೇಡಿಯೋ ರಾಯರು ಕೂಡಿಸಿದ ಸಭೆ

ಆ ದಿನ ಬೆಳಿಗ್ಗೆ ಹೆಂಡತಿ ಒಂದು ಮಾತು ಕೇಳಲಿಲ್ಲ. ರೇಡಿಯೋ ರಾಯರ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಸಂಘದ ಸಭೆ ಇರುವ ದಿನ ಅವಳು ಚಹಾ ತಂದಿಟ್ಟು, ಬಾಗಿಲ ಪಕ್ಕ ನಿಂತು, "ಇವತ್ತು ನಾನೇನು ಹೇಳ್ಬೇಕು?" ಎಂದು ಕೇಳುವುದು ವಾಡಿಕೆ. "ನೀನೇನೂ ಹೇಳೋದು ಬೇಡ, ಸಹಿ ಹಾಕು ಸಾಕು" ಎಂದು ರಾಯರು ಹೇಳುವುದೂ ವಾಡಿಕೆ. ಇವತ್ತು ಚಹಾ ಬಂತು, ಪ್ರಶ್ನೆ ಬರಲಿಲ್ಲ. ಅದು ಸಾಲದು ಎಂಬಂತೆ ಚಹಾದಲ್ಲಿ ಹಾಲು ಹೆಚ್ಚಿತ್ತು. ಅತಿ ವಿನಯಂ ಧೂರ್ತ ಲಕ್ಷಣಂ ಎಂಬುದನ್ನು ರಾಯರು ಬಲ್ಲರು. ಲೋಟವನ್ನು ಒಮ್ಮೆ ಮೂಸಿ ನೋಡಿಯೇ ಕುಡಿದರು.

"ಸಭೆ ಇದೆ, ಗೊತ್ತು ತಾನೇ?" ಎಂದರು.

"ಗೊತ್ತು. ನೀವು ಬಿಸಿಲಲ್ಲಿ ಯಾಕೆ ಬರ್ತೀರಾ, ಮನೇಲೇ ಆರಾಮಾಗಿರಿ" ಎಂದು ಹೇಳಿ ಅವಳು ಹೊರಟೇಹೋದಳು. ನಡಿಗೆಯಲ್ಲಿ ಏನೋ ಒಂದು ಲವಲವಿಕೆ. ಮದುವೆಯಾದಂದಿನಿಂದ ತಮ್ಮ ಆರಾಮದ ಬಗ್ಗೆ ಚಿಂತಿಸದವಳು ಇವತ್ತು ಯಾಕೆ ಚಿಂತಿಸಿದಳು ಎಂದು ರಾಯರ ತಲೆಯೊಳಗೆ ಹುಳ ಹೊಕ್ಕಿತು.

ರಾಯರ ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಉಳಿದಿತ್ತು. ಬಾಯಿ ತೆರೆದರೆ ನಿಲ್ಲಿಸುವ ಗುಂಡಿ ಇಲ್ಲವಾದ್ದರಿಂದ ಆ ಹೆಸರು ಇನ್ನಷ್ಟು ಗಟ್ಟಿಯಾಗಿತ್ತು. ಮನೆ ನಡೆಯುತ್ತಿದ್ದುದು ಹೆಂಡತಿಯ ದಾರ-ಗುಂಡಿ ಅಂಗಡಿಯಿಂದ. ಆ ಮಾರುಕಟ್ಟೆಯಲ್ಲಿ ಕೂತು ವ್ಯಾಪಾರ ಮಾಡುವವರೆಲ್ಲ ಹೆಂಗಸರು; ಅವರ ಸಂಘಕ್ಕೆ ಅಧ್ಯಕ್ಷ ಮಾತ್ರ ಯಾವಾಗಲೂ ಗಂಡಸು. ಹೋದ ವರ್ಷ ಇದು ಸರ್ಕಾರದ ಕಣ್ಣಿಗೆ ಬಿದ್ದು, ಕುರ್ಚಿ ಹೆಂಗಸರಿಗೇ ಎಂದು ನಿಯಮವಾಯಿತು. ರಾಯರು ಹೆಂಡತಿಯನ್ನು ನಿಲ್ಲಿಸಿ, ಗೆಲ್ಲಿಸಿ, ತಾವು ಕುರ್ಚಿಯಲ್ಲಿ ಕೂತರು. "ಹೆಸರು ನಿಂದು, ಹೊರೆ ನಂದು" ಎಂದು ಅವಳಿಗೆ ಹೇಳಿದರು. ಬೀದಿಯಲ್ಲಿ ಜನ ಎದ್ದು ನಿಂತು ನಮಸ್ಕಾರ ಹೇಳತೊಡಗಿದಾಗ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದ್ದ ರಾಯರಿಗೆ ಮೊದಲ ದಿನ ಕಣ್ಣಲ್ಲಿ ನೀರು ಬಂದಿತ್ತು. ಕುರ್ಚಿ ಹೋದರೆ ತಾವು ಮತ್ತೆ ಮುಚ್ಚಿದ ಅಂಗಡಿಯ ಮಾಲೀಕ. ಆ ಭಯ ಅವರನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

ಹುಳ ಹೊಕ್ಕ ತಲೆಯನ್ನು ಹೊತ್ತು ಅವರು ನೇರ ಮಾರುಕಟ್ಟೆ ಎದುರಿನ ಕಟಿಂಗ್ ಅಂಗಡಿಗೆ ಹೋದರು. ಊರಿನ ಸುದ್ದಿ ಹುಟ್ಟುವುದು ಎಲ್ಲೇ ಆದರೂ ಬೆಳೆಯುವುದು ಅಲ್ಲಿ. ಕಟಿಂಗ್‌ನವನು ಒಂದು ಕೆನ್ನೆ ಮುಗಿಸಿ, ಕತ್ತಿಯನ್ನು ಗಂಟಲ ಹತ್ತಿರ ತಂದು, ತಗ್ಗಿದ ದನಿಯಲ್ಲಿ, "ರಾಯರೇ, ಅಲ್ಲಾಡಬೇಡಿ, ಒಂದು ವಿಷಯ ಹೇಳ್ತೀನಿ. ಇವತ್ತು ಅಮ್ಮಾವ್ರ ಮೇಲೆ ಅವಿಶ್ವಾಸ ತರ್ತಾರಂತೆ" ಎಂದ.

ರಾಯರು ಅಲ್ಲಾಡಿಬಿಟ್ಟರು. "ಯಾರು?"

"ಅದೇ ಗೊತ್ತಾಗ್ತಿಲ್ಲ. ಸೊಪ್ಪಿನ ಗಟ್ಟಿಗಿತ್ತಿ ಗುಂಪು ಕಟ್ಟಿದ್ದಾಳೆ ಅಂತಾರೆ. ಅವಳ ಕಡೆಯೋರು ಅಂಗಡಿ ಮುಚ್ಚಿಯಾದ್ರೂ ಸಭೆಗೆ ಬರ್ತಾರೆ. ನಿಮ್ಮ ಕಡೆಯೋರು ವ್ಯಾಪಾರ ಬಿಟ್ಟು ಬರ್ತಾರಾ? ಬಂದೋರು ಕೈ ಎತ್ತಿದ್ರೆ ಕತೆ ಮುಗೀತು."

ಇನ್ನೊಂದು ಕೆನ್ನೆಯ ನೊರೆಯನ್ನು ಒರೆಸುವಷ್ಟೂ ವ್ಯವಧಾನವಿಲ್ಲದೆ ರಾಯರು ಎದ್ದು ಹೊರಬಿದ್ದರು.

ಮಾರುಕಟ್ಟೆಯಲ್ಲಿ ಎಲ್ಲರೂ ಪಿತೂರಿಗಾರರಂತೆ ಕಂಡರು. ಇಬ್ಬರು ಪಿಸುಗುಟ್ಟುತ್ತಿದ್ದರೆ ತಮ್ಮ ವಿಷಯವೇ ಎನಿಸಿತು. ಇಬ್ಬರು ಸುಮ್ಮನಿದ್ದರೆ ತಾವು ಬಂದದ್ದರಿಂದಲೇ ಸುಮ್ಮನಾದರು ಎನಿಸಿತು. ಸೊಪ್ಪಿನ ಗಟ್ಟಿಗಿತ್ತಿ ಅವರ ಮುಖ ನೋಡಿ ಬಾಯಿಗೆ ಸೆರಗು ಮುಚ್ಚಿ ನಕ್ಕಳು. ತಮ್ಮ ಅರ್ಧ ಮುಖದಲ್ಲಿ ನೊರೆ ಇದೆ ಎಂಬುದನ್ನು ಮರೆತಿದ್ದ ರಾಯರು, 'ನಗು, ನಗು, ಸಂಜೆ ಯಾರು ನಗ್ತಾರೆ ನೋಡೋಣ' ಎಂದುಕೊಂಡರು.

ಮೊದಲು ಆಲೂಗಡ್ಡೆ ಅಕ್ಕನ ಹತ್ತಿರ ಹೋದರು. ಮೆಲ್ಲಗೆ, "ಅಕ್ಕಾ, ಇವತ್ತು ಸಭೆಗೆ ಬರ್ಲೇಬೇಕು" ಎಂದರು.

ಆಲೂಗಡ್ಡೆ ಅಕ್ಕ ಕಣ್ಣು ಕಿರಿದು ಮಾಡಿದಳು. "ಏನು ಸಮಾಚಾರ ರಾಯರೇ? ಹೋದ ಸಲ ನಾನೇ ಬರ್ತೀನಿ ಅಂದಾಗ, ಸಭೆ ಇಲ್ಲ ಹೋಗು ಅಂದಿದ್ರಿ."

"ಅದು ಬೇರೆ, ಇದು ಬೇರೆ. ನೀನೇನೂ ಮಾಡೋದು ಬೇಡ. ನನ್ನ ಹೆಂಡತಿ ಏನು ಹೇಳಿದ್ರೂ ಕೈ ಎತ್ತು, ಅಷ್ಟೇ."

"ಏನು ಹೇಳಿದ್ರೂ?"

"ಏನು ಹೇಳಿದ್ರೂ. ಕಣ್ಣು ಮುಚ್ಚಿ ಎತ್ತು."

"ಸರಿ. ಈ ಮೂಟೆ ಯಾರು ನೋಡ್ಕೋತಾರೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಯರ ಬಾಯಿಂದ "ನಾನು ನೋಡ್ಕೋತೀನಿ" ಎಂಬ ಮಾತು ಬಿದ್ದೇಹೋಯಿತು. ಅದು ಕಿವಿಯಿಂದ ಕಿವಿಗೆ ಹಾರಿ, ಅವರು ಮೊಟ್ಟೆ ಅಜ್ಜಿಯನ್ನು ಮುಟ್ಟುವ ಮೊದಲೇ ಅಜ್ಜಿಯನ್ನು ಮುಟ್ಟಿತ್ತು. ಅಜ್ಜಿ ಆಗಲೇ ಮೊಣಕಾಲು ಹಿಡಿದು ಎದ್ದು ನಿಂತಿದ್ದಳು.

"ಮೊಟ್ಟೆ ಮುಟ್ಟಬೇಡ ಮಗಾ, ಬರೀ ನೋಡು. ಗಿರಾಕಿ ಬಂದ್ರೆ ಅವರೇ ಆರಿಸಿಕೊಳ್ಳಲಿ."

ಈ ಅಜ್ಜಿಗೆ ಇಷ್ಟು ಆತುರ ಯಾಕೆ ಎಂದು ರಾಯರಿಗೆ ಅನುಮಾನ ಬಂತು. ಆದರೆ ಅನುಮಾನಪಡುತ್ತ ಕೂರಲು ಸಮಯವಿರಲಿಲ್ಲ. ಬಕೆಟ್ ಮಾರುವವಳು, ಅಂದರೆ ಕಟಿಂಗ್‌ನವನ ಹೆಂಡತಿ, ಬಂದು ಬಕೆಟ್ಟುಗಳ ಜೊತೆಗೆ ತನ್ನ ಕೂಸನ್ನೂ ಅವರ ಕೈಗಿಟ್ಟು ಹೋದಳು. ಅವಳ ಹಿಂದೆ ಪಾತ್ರೆಯವಳು, ಈರುಳ್ಳಿಯವಳು, ಹಳೇ ಬಟ್ಟೆಯವಳು. ಎಲ್ಲರಿಗೂ ರಾಯರದು ಒಂದೇ ಮಂತ್ರ: ನನ್ನ ಹೆಂಡತಿ ಏನು ಹೇಳಿದರೂ ಕೈ ಎತ್ತಿ. ಕೊನೆಗೆ ಸೊಪ್ಪಿನ ಗಟ್ಟಿಗಿತ್ತಿಯೂ ಎದ್ದು, "ನನ್ನ ಸೊಪ್ಪಿಗೂ ಸ್ವಲ್ಪ ನೀರು ಚಿಮುಕಿಸ್ತಿರಿ" ಎಂದು ಹೊರಟಳು. ಶತ್ರುವಿನ ಸೊಪ್ಪು ಒಣಗಿ ಸಾಯಲಿ ಎಂದು ರಾಯರು ಮುಖ ತಿರುಗಿಸಿದರು.

ಆಮೇಲೆ ನಡೆದದ್ದನ್ನು ರಾಯರು ಇವತ್ತಿಗೂ ಯಾರಿಗೂ ಪೂರ್ತಿ ಹೇಳಿಲ್ಲ. ಇಡೀ ಸಾಲಿಗೆ ಒಬ್ಬರೇ ಗಂಡಸು, ತೋಳಲ್ಲಿ ಅಳುವ ಕೂಸು. ಆಲೂಗಡ್ಡೆಯ ಬೆಲೆ ಕೇಳಿದವರಿಗೆ ಈರುಳ್ಳಿಯ ಬೆಲೆ ಹೇಳಿದರು. ಒಬ್ಬಾಕೆ ಹಳೇ ಅಂಗಿಯನ್ನು ಎತ್ತಿ ಹಿಡಿದು, "ಇದರ ತೋಳೆಲ್ಲಿ?" ಎಂದು ಅವರನ್ನೇ ಬೈದಳು. ಹಿಂತಿರುಗಿ ನೋಡುವಷ್ಟರಲ್ಲಿ ಒಂದು ಮೇಕೆ ಶತ್ರುವಿನ ಸೊಪ್ಪಿನ ಗುಡ್ಡೆಗೆ ಬಾಯಿ ಹಾಕಿತ್ತು. ಮೊದಲು ಸಂತೋಷಪಟ್ಟರು, ಮೇಕೆ ಆಲೂಗಡ್ಡೆಯ ಕಡೆ ತಿರುಗಿದಾಗ ಅಟ್ಟಿಸಿಕೊಂಡು ಓಡಿ, ಬಕೆಟ್ಟಿಗೆ ಕಾಲು ಸಿಕ್ಕಿಸಿಕೊಂಡು, ಮೊಟ್ಟೆಯ ಬುಟ್ಟಿಯ ಅಂಚಿಗೆ ಬಂದು ನಿಂತರು. ಕೂಸು ಅಳು ನಿಲ್ಲಿಸಿ ಕಿಲಕಿಲ ನಕ್ಕಿತು. ಕಟಿಂಗ್ ಅಂಗಡಿಯ ಬಾಗಿಲಲ್ಲಿ ಅದರ ಅಪ್ಪ ಕೈಕಟ್ಟಿ ನಿಂತು ಎಲ್ಲವನ್ನೂ ನೋಡುತ್ತಿದ್ದ.

ಸಾಲಿನ ತುದಿಯಲ್ಲೇ ಸಂಘದ ಕೋಣೆ. ತೆರೆದ ಕಿಟಕಿಯಲ್ಲಿ ಇದ್ದಕ್ಕಿದ್ದಂತೆ ಕೈಗಳು ಮೇಲೆದ್ದವು, ಒಂದೂ ತಪ್ಪದೆ. ರಾಯರ ಎದೆ ಉಬ್ಬಿತು. ಅವಿಶ್ವಾಸ ಬಿದ್ದುಹೋಯಿತು, ಕುರ್ಚಿ ಉಳಿಯಿತು. "ನೋಡಿದ್ಯಾ, ನಿನ್ನ ಮಾವನ ಕೆಲಸ" ಎಂದು ಕೂಸಿಗೆ ಹೇಳಿದರು.

ಸ್ವಲ್ಪ ಹೊತ್ತಿಗೆ ಕೈಗಳು ಮತ್ತೆ ಎದ್ದವು. ಖಚಿತಪಡಿಸಿಕೊಳ್ಳುತ್ತಿರಬಹುದು ಎಂದುಕೊಂಡರು. ಮೂರನೆಯ ಸಲ ಎದ್ದಾಗ ರಾಯರು ಕಿಟಕಿಯ ಕಡೆ ಕತ್ತು ಚಾಚಿದರು. ಒಂದು ಅವಿಶ್ವಾಸವನ್ನು ಎಷ್ಟು ಸಲ ಸೋಲಿಸಬೇಕು? ಈ ಸಲ ಚಪ್ಪಾಳೆ ಬೇರೆ. ಚಪ್ಪಾಳೆಯ ನಡುವೆ ಕೆಲವರು ಕಿಟಕಿಯಿಂದ ಇಣುಕಿ ಅವರನ್ನೇ ನೋಡಿದರು.

ಸಭೆ ಮುಗಿದು ಮೊದಲು ಹೊರಬಂದವನು ಸಂಘದ ಮುದಿ ಗುಮಾಸ್ತ. ರಾಯರು ಅವನನ್ನು ತಡೆದು ನಿಲ್ಲಿಸಿದರು.

"ಅವಿಶ್ವಾಸ ಬಿತ್ತಾ?"

"ಯಾವ ಅವಿಶ್ವಾಸ?"

"ಸೊಪ್ಪಿನವಳು ತಂದಿದ್ದಳಲ್ಲ, ಅದು."

"ಯಾರೂ ಅವಿಶ್ವಾಸ ತಂದಿಲ್ಲ ಸ್ವಾಮಿ. ಅಮ್ಮಾವ್ರೇ ಗೊತ್ತುವಳಿ ತಂದ್ರು. ಮಾರುಕಟ್ಟೆ ಸೂರಿನ ಕೆಳಗೆ ಕೂರೋ ಜಾಗ ವಯಸ್ಸಾದವರಿಗೆ ಮೊದಲು ಅಂತ ಒಂದು. ಸಂಘದ ಕೋಣೆ ಒಳಗೆ ಸದಸ್ಯರು ಬಿಟ್ಟು ಅವರ ಗಂಡ, ಅಣ್ಣ, ತಮ್ಮ ಯಾರೂ ಕಾಲಿಡಬಾರದು ಅಂತ ಒಂದು. ಎಲ್ಲರೂ ಕಣ್ಣು ಮುಚ್ಚಿ ಕೈ ಎತ್ತಿದ್ರು."

ರಾಯರು ಸಂಘದ ಕೋಣೆಯ ಕಡೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಗುಮಾಸ್ತ ಕನ್ನಡಕ ಒರೆಸಿಕೊಂಡು, ನಿಜವಾದ ಮರುಕದಿಂದ ಹೇಳಿದ: "ಅರ್ಧಕ್ಕಿಂತ ಹೆಚ್ಚು ಜನ ಬರದಿದ್ರೆ ಕೋರಂ ಇಲ್ಲ, ಕೋರಂ ಇಲ್ಲದಿದ್ರೆ ಸಭೆನೇ ಇಲ್ಲ. ಅಂಗಡಿ ಬಿಟ್ಟು ಯಾರೂ ಬರ್ತಿರಲಿಲ್ಲ, ಅದಕ್ಕೇ ವರ್ಷದಿಂದ ನೀವು ಹೇಳಿದ್ದೇ ಆಗ್ತಿತ್ತು. ನೀವು ಮನೇಲಿ ಸುಮ್ಮನೆ ಮಲಗಿದ್ರೆ ಇವತ್ತೂ ಮುಂದಕ್ಕೆ ಹೋಗ್ತಿತ್ತು."

ರಾಯರು ಕೂಸನ್ನು ಎತ್ತಿಕೊಂಡೇ ಕಟಿಂಗ್ ಅಂಗಡಿಗೆ ನುಗ್ಗಿದರು. "ಯಾಕಯ್ಯಾ ಸುಳ್ಳು ಹೇಳ್ದೆ?"

ಅವನು ಮಗುವನ್ನು ಇಸಿದುಕೊಂಡು ತಲೆ ತಗ್ಗಿಸಿದ. "ಅಮ್ಮಾವ್ರು ನನ್ನ ಹೆಂಡತಿಗೆ ಹೇಳಿದ್ರು, ನಿಮಗೆ ಹೀಗೆ ಹೇಳು ಅಂತ ಅವಳು ನನಗಂದ್ಲು, ಹೇಳ್ದೆ. ಸಂಜೆ ನಾನೂ ಮನೆಗೆ ಹೋಗ್ಬೇಕಲ್ಲ ರಾಯರೇ."

ತಿರುಗಿದರೆ ಬಾಗಿಲಲ್ಲಿ ಹೆಂಡತಿ. ಅವಳ ಮುಖದಲ್ಲಿ ಗೆದ್ದ ಜಂಬವಿರಲಿಲ್ಲ. ಬಹಳ ದಿನದ ತಲೆನೋವು ಇಳಿದವಳ ಹಾಗಿದ್ದಳು.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ" ಎಂದರು ರಾಯರು. ದನಿ ಅವರಿಗೇ ಪರಿಚಯವಾಗದಷ್ಟು ಸಣ್ಣಗಿತ್ತು.

"ಮೊಟ್ಟೆ ಅಜ್ಜಿ ಸಭೆಗೆ ಬರಲಿ, ಅವಳ ಬುಟ್ಟಿ ಕಾಯಿರಿ ಅಂತ ಕೇಳಿದ್ರೆ ಕಾಯ್ತಿದ್ರಾ?"

ರಾಯರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಗುಮಾಸ್ತ ಎರಡೇ ಗೊತ್ತುವಳಿ ಹೇಳಿದ. ಕೈ ಮೂರು ಸಲ ಎದ್ದಿತ್ತು. ಆ ಇನ್ನೊಂದು ಯಾವುದು?"

"ಅದು ನಾನು ತಂದಿದ್ದಲ್ಲ" ಎಂದಳು ಹೆಂಡತಿ. "ಸೊಪ್ಪಿನವಳು ಸೂಚಿಸಿದ್ಲು, ಅಜ್ಜಿ ಅನುಮೋದಿಸಿದ್ಲು. ಇನ್ನು ಪ್ರತಿ ಸಭೆಗೂ ಅಂಗಡಿ ಕಾಯೋಕೆ ನಿಮ್ಮನ್ನ ಅವಿರೋಧವಾಗಿ ಆರಿಸಿದ್ದಾರೆ. ವರ್ಷದ ಕೆಲಸ ಬಾಕಿ ಇದೆ, ನಾಳೇನೂ ಸಭೆ ಕರೆದಿದ್ದೀನಿ. ಸೊಪ್ಪು ಏನಾಯ್ತು ಅಂತ ಅವಳು ಕೇಳ್ತಿದ್ದಾಳೆ, ಬೇಗ ಬನ್ನಿ."