ಸಿಂದಗಿಗೆ ಬಂದ ಒಬೀಲಿಯಾ

ಸಮುದ್ರದ ಪ್ರಾಣಿಯನ್ನು ಜೋಳದ ಸೀಮೆಯಲ್ಲಿ ಕಲಿಸುವವನಿಗೆ ಫಜೀತಿ ಎಂಬುದು ಹಾಜರಿ ಪುಸ್ತಕದಷ್ಟೇ ನಿತ್ಯದ್ದು. ನಾನು ಸಿಂದಗಿ ಕಡೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರ ಎಂದು ನಂಬಿದವನು. ಆ ನಂಬಿಕೆಯನ್ನು ಕೆಡಿಸಿದ್ದು ಇಬ್ಬರು. ಒಂದು, ಗಿಡದ ಹಾಗೆ ಕವಲೊಡೆದು ಕಡಲ ಕಲ್ಲಿಗೆ ಅಂಟಿಕೊಂಡಿರುವ ಒಬೀಲಿಯಾ ಎಂಬ ಪುಟ್ಟ ಜೀವಿ. ಇನ್ನೊಬ್ಬಳು, ಹತ್ತಿರದ ಯಂಕಂಚಿ ಹಳ್ಳಿಯ ಒಬ್ಬ ವಿದ್ಯಾರ್ಥಿನಿ. ಆಕೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದಳು. ಈ ಸಲವೂ ಬಿದ್ದರೆ ಬಿ.ಎಡ್. ಸೀಟು ಹೋಗುತ್ತಿತ್ತು. ಹಾಗಾಗಿ ಮತ್ತೆ ನನ್ನ ತರಗತಿಯಲ್ಲಿ, ಮೊದಲ ಬೆಂಚಿನಲ್ಲಿ.

೧. ಒಲೆ ಎಷ್ಟು?

"ಒಂದೇ ಕಾಂಡ, ಅದರ ಮೇಲೆ ಮೊಗ್ಗಿನಂಥ ಹತ್ತಾರು ಪಾಲಿಪ್‌ಗಳು. ಕೆಲವಕ್ಕೆ ಬಾಯಿ ಉಂಟು, ಅವು ಉಣ್ಣುತ್ತವೆ. ಕೆಲವಕ್ಕೆ ಬಾಯಿಯೇ ಇಲ್ಲ, ಅವುಗಳದ್ದು ಮರಿ ಹುಟ್ಟಿಸುವ ಕೆಲಸ. ಉಂಡದ್ದು ಒಳಗಿನ ಒಂದೇ ಕೊಳವೆಯಲ್ಲಿ ಎಲ್ಲಕ್ಕೂ ಹೋಗುತ್ತದೆ" ಎಂದೆ.

"ಸರ್, ಅಂದ್ರ ಇದು ಒಂದ್ ಪ್ರಾಣಿ ಏನ್ರಿ, ನೂರ್ ಏನ್ರಿ?" ಎಂದಳು ಯಂಕಂಚಿಯವಳು.

"ಒಂದು. ಅಂದರೆ... ನೂರು. ಕಾಲೊನಿ!"

"ಹಂಗಾದ್ರ ರೇಷನ್ ಕಾರ್ಡ್ ಎಷ್ಟ್ ಕೊಡಬೇಕ್ರಿ?"

"ಇದು ತರಗತಿ, ಕಟ್ಟೆಯಲ್ಲ!"

"ಚಾಷ್ಟಿ ಅಲ್ರಿ ಸರ್. ನಮ್ಮನ್ಯಾಗ ಹದಿನಾಲ್ಕ್ ಮಂದಿ ಅದೀವಿ. ಒಲಿ ಒಂದ ಇದ್ರ ಕಾರ್ಡ್ ಒಂದ, ಒಲಿ ಬ್ಯಾರೆ ಆದ್ರ ಕಾರ್ಡ್ ಬ್ಯಾರೆ. ಇವಕ್ಕ ಒಲಿ ಒಂದ ಐತಲ್ರಿ?"

ನಾಲ್ಕು ಇಂಗ್ಲಿಷ್ ಪುಸ್ತಕ ತಿರುವಿದೆ. ಯಾವ ಪಂಡಿತನೂ ಇಷ್ಟು ಖಚಿತವಾಗಿ ಹೇಳಿರಲಿಲ್ಲ.

೨. ಎರಡು ಹೆಸರು

ಒಬೀಲಿಯಾದ ಮರಿಗೆ ಮೆಡ್ಯೂಸಾ ಎನ್ನುತ್ತಾರೆ. ಪುಟ್ಟ ಕೊಡೆಯಂಥದ್ದು, ಕಾಂಡ ಬಿಟ್ಟು ಈಜಿ ಹೋಗುತ್ತದೆ. "ಇಂಥ ಎಷ್ಟೋ ಜೀವಿಗಳಲ್ಲಿ ಹಳೆಯ ಪಂಡಿತರು ಕಾಂಡಕ್ಕೊಂದು ಹೆಸರು, ಕೊಡೆಗೊಂದು ಹೆಸರು ಇಟ್ಟು, ಬೇರೆ ಬೇರೆ ಪ್ರಾಣಿ ಎಂದು ವರ್ಗೀಕರಿಸಿದರು. ಘೋರ ತಪ್ಪು!" ಎಂದೆ.

"ತಪ್ಪೇನ್ರಿ ಸರ್? ನಮ್ಮಕ್ಕಗ ಯಂಕಂಚ್ಯಾಗ ಒಂದ್ ಹೆಸರು. ಮದುವ್ಯಾಗ ಅಕ್ಕಿ ಮ್ಯಾಲ ಬ್ಯಾರೆ ಹೆಸರು ಬರದ್ರು. ಈಗ ಗಂಡನ ಮನಿ ಬಾಗೇವಾಡ್ಯಾಗ ಹೋಗಿ ಹಳೀ ಹೆಸರು ಹೇಳಿ ಕೇಳಿದ್ರ, ಅಂಥಾಕಿ ಇಲ್ಲೇ ಇಲ್ಲ ಅಂತಾರ."

ಕಿರುಪರೀಕ್ಷೆಯಲ್ಲೂ ಹಾಗೇ ಬರೆದಳು: ಪಾಲಿಪ್ ತವರಿನ ಹೆಸರು, ಮೆಡ್ಯೂಸಾ ಗಂಡನ ಮನೆಯ ಹೆಸರು. ಕೆಂಪು ಪೆನ್ನು ಹಿಡಿದು ಅರ್ಧ ತಾಸು ಕೂತೆ. ಕೊನೆಗೆ ಅರ್ಧ ಅಂಕ ಕೊಟ್ಟೆ. ಉಳಿದರ್ಧವನ್ನು ಯಾವ ತಪ್ಪಿಗೆ ಕಳೆದೆನೋ ಈಗಲೂ ತಿಳಿಯದು.

೩. ಮುರಿದ ಮೂಲೆ

ಒಂದು ದಿನ ಲ್ಯಾಬಿನಲ್ಲಿ ಹಿಂದಿನ ಬೆಂಚಿನವನೊಬ್ಬ ಮೈಕ್ರೋಸ್ಕೋಪಿಗೆ ಬಗ್ಗದೆಯೇ 'ಒಬೀಲಿಯಾ' ಎಂದು ಬರೆದ.

"ನೋಡದೆ ಹೇಗೆ ಬರೆದೆ?"

"ಸ್ಲೈಡಿನ ಮೂಲಿ ಮುರದೈತಲ್ರಿ ಸರ್. ಸೀನಿಯರ್ ಮಂದಿ ಹೇಳ್ಯಾರ."

ತಲೆತಲಾಂತರದಿಂದ ಬಂದ ವಿದ್ಯೆಯಂತೆ ಇದು! ಯಂಕಂಚಿಯವಳನ್ನು ಕೇಳಿದೆ, "ನಿನಗೆ ಯಾರೂ ಹೇಳಿರಲಿಲ್ಲವೇ?"

"ಹೇಳಿದ್ರ್ರಿ. ಆದ್ರ ನಾ ಒಳಗ ನೋಡಿದ್ನಿರಿ. ಒಂದೋ ನೂರೋ ಅಂತ ಎಣಸೂದ್ರಾಗ ಗಂಟಿ ಹೊಡೀತು. ಎರಡೂ ಸಲ."

ಪ್ರಾಮಾಣಿಕಳು ಬಿದ್ದಿದ್ದಾಳೆ, ಮೂಲೆ ನೋಡಿದವರು ಪಾಸಾಗಿದ್ದಾರೆ. ನಾನು ಸುಮ್ಮನಿರುವವನೇ? ಕಪಾಟಿನಲ್ಲಿದ್ದ ಎಲ್ಲ ಸ್ಲೈಡುಗಳ ಅಂಚಿಗೂ ಚೀಟಿಗೂ ಕಪ್ಪು ಕಾಗದ ಸುತ್ತಿದೆ. ಅದೇ ಕಪಾಟಿನಲ್ಲಿ ಸಸ್ಯಶಾಸ್ತ್ರದವರ ಸ್ಲೈಡುಗಳೂ ಇದ್ದವು. ನ್ಯಾಯ ಎಲ್ಲರಿಗೂ ಒಂದೇ ಎಂದು ಅವಕ್ಕೂ ಸುತ್ತಿದೆ.

ಲ್ಯಾಬಿನ ಹಳೆಯ ಅಟೆಂಡರ್ ಚಾಚಾ ಗಾಬರಿಯಾದರು. "ಸಾಹೇಬ್ರ, ಹಿಂಗ್ ಮಾಡಬ್ಯಾಡ್ರಿ. ಪರೀಕ್ಷಾಕ ಸ್ಲೈಡ್ ಇಡಾಂವ ನಾನ ಅದೇನಿ."

"ನಿಯಮ ಎಂದರೆ ನಿಯಮ, ಚಾಚಾ" ಎಂದೆ. ಆಗ ಅವರು ನನ್ನನ್ನು ನೋಡಿದ ನೋಟವನ್ನು ಯಾವ ವರ್ಗಕ್ಕೆ ಸೇರಿಸಬೇಕೋ ನನಗೆ ಗೊತ್ತಾಗಲಿಲ್ಲ.

೪. ನಾಲ್ಕನೆಯ ಮೈಕ್ರೋಸ್ಕೋಪ್

ಪರೀಕ್ಷೆಗೆ ಮುದ್ದೇಬಿಹಾಳದಿಂದ ಪರೀಕ್ಷಕರು ಬಂದರು. ನಿವೃತ್ತಿಯ ಅಂಚಿನ ಹಿರಿಯರು. ನಾಲ್ಕನೆಯ ಮೈಕ್ರೋಸ್ಕೋಪಿನಲ್ಲಿ ಒಬೀಲಿಯಾ ಎಂದು ಪಟ್ಟಿಯಲ್ಲಿತ್ತು. ನಮ್ಮ ಹುಡುಗಿ ಬಗ್ಗಿ ಬಹಳ ಹೊತ್ತು ನೋಡಿದಳು.

"ಸರ್, ಇದು ಒಬೀಲಿಯಾ ಅಲ್ರಿ."

ಪರೀಕ್ಷಕರು ಸೊನ್ನೆ ಬರೆದೇಬಿಟ್ಟರು. ನಾನು ಬಗ್ಗಿ ನೋಡಿದೆ: ಕವಲು. ಅವರೂ ನೋಡಿದರು: ಕವಲು. "ಒಬೀಲಿಯಾನ ಐತಲ್ಲವಾ ತಂಗಿ" ಎಂದರು.

ಹುಡುಗಿಯ ಕಣ್ಣು ತುಂಬಿತ್ತು, ಹಟ ಮಾತ್ರ ಬಿಡಲಿಲ್ಲ. "ಬಾಯಿ ಎಲ್ಲೈತ್ರಿ ಸರ್? ಉಣ್ಣವ್ರು ಒಬ್ರೂ ಇಲ್ಲ. ಒಲೀನ ಇಲ್ರಿ ಇದಕ್ಕ. ಇದು ಗಿಡ!"

ಮತ್ತೆ ಬಗ್ಗಿದೆವು. ಬಾಯಿ ಹುಡುಕಿದೆವು. ಇಬ್ಬರ ಬಾಯಿಯೂ ಒಣಗಿತು. ಚಾಚಾ ಕಪ್ಪು ಕಾಗದ ಕಿತ್ತರು. ಚೀಟಿಯಲ್ಲಿ ಸಸ್ಯಶಾಸ್ತ್ರದವರ ಅಕ್ಷರ: ಸಮುದ್ರದ ಪಾಚಿ.

"ಮೂಲಿ ಕಾಣಲಿಲ್ರಿ ಸಾಹೇಬ್ರ. ಟೊಂಗಿ ಇದ್ದದ್ ನೋಡಿ ತಂದಿಟ್ಟೆ" ಎಂದರು ಚಾಚಾ.

ಪರೀಕ್ಷಕರು ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಬರೆದರು. ಹುಡುಗಿ ಪಾಸು. ಆಮೇಲೆ ಅವರೇ ಎದ್ದು ಸ್ಲೈಡುಗಳ ಟ್ರೇಯ ಬಳಿಗೆ ಹೋದರು. ಕಾಗದದ ಮೇಲಿಂದಲೇ ಒಂದೊಂದು ಸ್ಲೈಡನ್ನೂ ಹೆಬ್ಬೆರಳಲ್ಲಿ ಸವರುತ್ತ ಬಂದು, ಒಂದನ್ನು ಎತ್ತಿ ನನ್ನ ಕೈಗಿಟ್ಟರು. ಮೈಕ್ರೋಸ್ಕೋಪಿಗಿಟ್ಟು ಬಗ್ಗಿ ನೋಡಿದರೆ ಸಾಕ್ಷಾತ್ ಒಬೀಲಿಯಾ!

ನಾನು ದಂಗಾದೆ. "ಒಳಗೆ ನೋಡದೆ ಹೇಗೆ ತಿಳಿಯಿತು, ಸರ್?"

ಅವರು ಹುಡುಗಿ ಹೊರಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

"ನಾನೂ ಇದ ಕಾಲೇಜಿನ್ಯಾಗ ಕಲಿತಾಂವ ಅದೇನ್ರಿ. ಆ ಮೂಲಿ ಮುರದಾಂವ ನಾನ."