ಗುಂಡಿ ಕೋಲಿನಲ್ಲಿ ಅಳೆದ ಮಕ್ಕಳು

ಮಕ್ಕಳು ಬೆಳೆಯುತ್ತಿಲ್ಲವೆಂದು ಡಾಕ್ಟರ ಹತ್ತಿರ ಓಡುವ ತಂದೆತಾಯಿಯರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಮಕ್ಕಳು ಬೆಳೆದುಬಿಡುತ್ತಾರಲ್ಲ ಎಂದು ಕಂಗಾಲಾದ ತಂದೆಯನ್ನು ನೋಡಿರಲಿಕ್ಕಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಆಲೂರಿನಲ್ಲಿ ಅಂಥವನೊಬ್ಬನಿದ್ದ. ಅವನು ನಾನೇ. ನನ್ನ ಅವಳಿ ಮಕ್ಕಳಾದ ಆದಿ ಮತ್ತು ಅನು ತಟ್ಟೆಗೆ ಹಾಕಿದ್ದನ್ನೆಲ್ಲ ಖಾಲಿ ಮಾಡಿದ ದಿನ ನನ್ನ ಮುಖ ಸಪ್ಪೆಯಾಗುತ್ತಿತ್ತು. ಅಮ್ಮ ಅವರಿಗೆ ರಾಗಿ ಸರಿಯನ್ನು ಇನ್ನೊಂದು ಸೌಟು ಬಡಿಸಿದರೆ, ‘ಇವತ್ತಿಗೆ ಸಾಕು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಆಡಲಿಲ್ಲ. ಆಡಿದ್ದರೆ ಅಮ್ಮ ಆ ಸೌಟಿಗೆ ಬೇರೆ ಕೆಲಸ ಕೊಡುತ್ತಿದ್ದಳು.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ ಕೊಡಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮನಶ್ಶಾಸ್ತ್ರ ಓದಿದವನು. ಅಲ್ಲಿ ಕಲಿತದ್ದರಲ್ಲಿ ಉಳಿದುಕೊಂಡಿರುವುದು ಒಂದೇ ಸಂಗತಿ: ನೆನಪನ್ನು ನಂಬಬಾರದು. ನೆನಪು ಎನ್ನುವುದು ಪೆಟ್ಟಿಗೆಯಲ್ಲಿಟ್ಟ ಸಾಮಾನಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಮಾಡಿದ ಅಡುಗೆ. ಇದನ್ನು ಪರೀಕ್ಷೆಯಲ್ಲಿ ಬರೆದು ಮರೆತಿದ್ದರೆ ಸುಖವಾಗಿರುತ್ತಿದ್ದೆ. ನಾನು ನಂಬಿಬಿಟ್ಟೆ. ಗ್ಯಾಸ್ ಆರಿಸಿದ್ದು ನೆನಪಿದ್ದರೂ ಗೇಟಿನಿಂದ ವಾಪಸು ಬಂದು ನೋಡುತ್ತೇನೆ. ನೋಡಿದ್ದು ನೆನಪಿದ್ದರೂ ಬಸ್ ಸ್ಟ್ಯಾಂಡಿನಿಂದ ಮನೆಗೆ ಫೋನ್ ಮಾಡುತ್ತೇನೆ. ಹಾಗಾಗಿ ಇಲ್ಲಿ ಬರೆದದ್ದರಲ್ಲಿ ಎಲ್ಲೆಲ್ಲಿ ನನ್ನ ಹೆಂಡತಿ ಶಶಿಕಲಾಳ ಹೇಳಿಕೆ ಬೇರೆಯಿದೆಯೋ ಅಲ್ಲಲ್ಲಿ ಅದನ್ನೂ ಕೊಟ್ಟಿದ್ದೇನೆ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಅವಳಿಗೆ ಯಾವುದರಲ್ಲೂ ಸಂಶಯವಿಲ್ಲ.

ಮೈಸೂರಿನ ಕಡೆ ಇರುವ ಒಂದು ದೊಡ್ಡ ಆಟದ ಪಾರ್ಕಿಗೆ ಹೋಗಬೇಕೆನ್ನುವುದು ಅವಳ ಆಸೆ. ಮಕ್ಕಳ ಹೆಸರು ಹೇಳಿದಳಾದರೂ ಕಾರಣ ಬೇರೆಯದೇ ಇತ್ತು. ಬಿ.ಎಡ್. ಓದುವಾಗ ಪ್ರವಾಸಕ್ಕೆಂದು ಅಲ್ಲಿಗೆ ಹೋಗಿದ್ದರಂತೆ. ಎತ್ತರದಿಂದ ಧೊಪ್ಪನೆ ನೀರಿಗೆ ಜಾರುವ ಒಂದು ದೋಣಿಯಿತ್ತಂತೆ. ಗೆಳತಿಯರೆಲ್ಲ ‘ಒಂದ್ ನಿಮಿಷ ಹಿಡ್ಕೊಳೇ’ ಎಂದು ತಮ್ಮ ಬ್ಯಾಗುಗಳನ್ನು ಇವಳ ಕೈಗೆ ಕೊಟ್ಟು ದೋಣಿ ಹತ್ತಿದರಂತೆ. ಅವರು ಮೂರು ಸುತ್ತು ಮುಗಿಸಿ ಬರುವಷ್ಟರಲ್ಲಿ ಬಸ್ಸಿನ ಡ್ರೈವರ್ ಹಾರ್ನ್ ಹಾಕಿದನಂತೆ. ಹದಿನಾಲ್ಕು ಬ್ಯಾಗು ಎನ್ನುತ್ತಾಳೆ. ಇಷ್ಟು ವರ್ಷವಾದ ಮೇಲೆ ಬ್ಯಾಗುಗಳ ಲೆಕ್ಕ ಸರಿಯಾಗಿ ನೆನಪಿರಲು ಹೇಗೆ ಸಾಧ್ಯ ಎಂದು ನಾನು ಶಾಸ್ತ್ರೀಯವಾಗಿ ಒಂದು ಪ್ರಶ್ನೆ ಎತ್ತಿದೆ. ಎರಡು ದಿನ ಮಾತು ಬಂದ್.

ಮೂರನೆಯ ದಿನ ಇನ್ನೊಂದು ಶಾಸ್ತ್ರ ತೆಗೆದೆ. ಮೂರು ವರ್ಷದೊಳಗೆ ನಡೆದದ್ದು ಯಾವ ಮನುಷ್ಯನಿಗೂ ನೆನಪಿರುವುದಿಲ್ಲ, ಎರಡು ವರ್ಷದ ಮಕ್ಕಳನ್ನು ಅಷ್ಟು ದೂರ ಹೊತ್ತುಕೊಂಡು ಹೋಗುವುದು ದಂಡ ಎಂದೆ. ಆದರೆ ಮಾತಿನ ಭರದಲ್ಲಿ ಒಂದು ತಪ್ಪು ಮಾಡಿದೆ. ನನಗೆ ಮಾತ್ರ ಆ ವಯಸ್ಸಿನ ಒಂದು ನೆನಪು ಹೇಗೋ ಉಳಿದಿದೆ, ಅಪ್ಪ ಮೈಸೂರಿನ ವಸ್ತುಪ್ರದರ್ಶನದಲ್ಲಿ ಪುಟಾಣಿ ರೈಲು ಹತ್ತಿಸಿದ್ದು, ಅದು ಅಪವಾದ ಎಂದೆ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು: “ನೀನೆಲ್ಲಿ ಹೋಗಿದ್ಯೋ ರೈಲಿಗೆ? ಕರ್ಕಂಡೋಗಿದ್ದು ನಿಮ್ಮಣ್ಣನ್ನ. ನಿಂಗೇನು ಗೊತ್ತಾಯ್ತದೆ ಅಂತ ನಿಮ್ಮಪ್ಪ ನಿನ್ನ ಅಜ್ಜಿ ಹತ್ರ ಬುಟ್ಬುಟ್ಟು ಹೋದ್ರು. ರೈಲಿನ್ ಕತೆ ನಿಮ್ಮಣ್ಣ ಹೇಳೀ ಹೇಳೀ ನೀನೇ ಹತ್ತಿದಂಗೆ ಆಡ್ತಿದ್ದೆ ಕಣೋ.”

ಹುಡುಗನಾಗಿದ್ದಾಗಿನ ಹುಟ್ಟುಹಬ್ಬ, ಕಾಲೇಜಿನ ಪಾಠ, ಶಶಿಯನ್ನು ನೋಡಲು ಹೋದ ದಿನದ ಉಪ್ಪಿಟ್ಟು, ಇವೆಲ್ಲವೂ ಬೇರೆಯವರದಿರಬಹುದೆಂದು ನಾನು ಆಗಾಗ ಸಂಶಯಪಟ್ಟಿದ್ದುಂಟು. ಆ ರೈಲಿನ ಮೇಲೆ ಮಾತ್ರ ಯಾವತ್ತೂ ಸಂಶಯಪಟ್ಟಿರಲಿಲ್ಲ. ಮೂವತ್ತೈದು ವರ್ಷ ಅಣ್ಣನ ರೈಲಿನಲ್ಲಿ ಟಿಕೆಟ್ ಇಲ್ಲದೆ ಕೂತಿದ್ದೆ. ಶಶಿ ನಗುತ್ತಾಳೆಂದುಕೊಂಡೆ, ನಗಲಿಲ್ಲ. “ನಿಮ್ಮಪ್ಪ ಹೇಳಿದ್ನೇ ಈಗ ನೀವೂ ಹೇಳ್ತಿದೀರ” ಎಂದಳು ಅಷ್ಟೇ. ಹೋಗುವುದೆಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ. ಆದರೆ ನಾನೂ ಮಾಸ್ತರ, ಮಾಸ್ತರನ ಸಂಬಳ ಮಾಸ್ತರನ ಸಂಬಳವೇ. ಹೋಗುವುದು ಹೌದು, ಒಂದು ರೂಪಾಯಿಯೂ ದಂಡವಾಗದಂತೆ ಹೋಗುವುದು.

ಉಳಿತಾಯದ ವಿಷಯದಲ್ಲಿ ನಾನು ಮಾಡಿದ ಸಂಶೋಧನೆಯನ್ನು ಓದುವಾಗ ಮಾಡಿದ್ದರೆ ಇವತ್ತು ಹೆಸರಿನ ಮುಂದೆ ಡಾಕ್ಟರೆಂದು ಬರೆದುಕೊಳ್ಳುತ್ತಿದ್ದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಮಡಿಲಲ್ಲಿ ಕೂತ ಮಕ್ಕಳಿಗೂ ಉಚಿತ. ನಮ್ಮ ಸಂಸಾರದಲ್ಲಿ ಟಿಕೆಟ್ ಬೇಕಾಗುವ ಪ್ರಾಣಿ ನಾನೊಬ್ಬನೇ. ರಾತ್ರಿ ತಂಗಲು ಮೈಸೂರಿನಲ್ಲಿ ಶಶಿಯ ಚಿಕ್ಕಮ್ಮನ ಮನೆ. ವಾರದ ನಡುವೆ ಹೋದರೆ ಪಾರ್ಕಿನಲ್ಲಿ ದರ ಕಡಿಮೆ, ಮುಂಚಿತವಾಗಿ ಫೋನಿನಲ್ಲೇ ಟಿಕೆಟ್ ಮಾಡಿದರೆ ಇನ್ನೂ ಕಡಿಮೆ, ಆದರೆ ದುಡ್ಡು ವಾಪಸು ಇಲ್ಲ. ಅಮ್ಮ ತಾನೂ ಬರುತ್ತೇನೆ, ಮಕ್ಕಳನ್ನು ಹಿಡಿದುಕೊಳ್ಳುತ್ತೇನೆ ಎಂದಳು. ಯಾವ ಆಟವನ್ನೂ ಆಡದವರಿಗೆ ಪೂರ್ತಿ ಟಿಕೆಟ್ ಯಾಕೆಂದು ಅದನ್ನು ತಳ್ಳಿಹಾಕಿದೆ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಎಂಬತ್ತೈದು ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಪ್ರವೇಶ ಉಚಿತ. ನಮ್ಮ ಲೆಕ್ಕದಲ್ಲಿ ಎರಡಡಿ ಒಂಬತ್ತೂವರೆ ಅಂಗುಲ. ರಾಗಿ ಸರಿಯ ಮೇಲೆ ನನಗೆ ದ್ವೇಷ ಹುಟ್ಟಿದ್ದು ಅಂದಿನಿಂದಲೇ.

ಶಶಿ ತನ್ನ ಹೊಲಿಗೆ ಪೆಟ್ಟಿಗೆಯ ಟೇಪಿನಲ್ಲಿ ಇಬ್ಬರನ್ನೂ ಅಳೆದು, ಎಂಬತ್ತೆರಡು, ಚಿಂತೆಯಿಲ್ಲ ಎಂದಳು. ನಾನು ನಂಬಬೇಕಲ್ಲ. ಬಟ್ಟೆಯ ಟೇಪು ಹಳೆಯದಾದಂತೆ ಹಿಗ್ಗುತ್ತದೆ, ಹಿಗ್ಗಿದ ಟೇಪು ಎತ್ತರವನ್ನು ಕಡಿಮೆ ತೋರಿಸುತ್ತದೆ, ಇಷ್ಟು ಭೌತಶಾಸ್ತ್ರ ನನಗೂ ಗೊತ್ತು. ಆ ಭಾನುವಾರ ಮಕ್ಕಳನ್ನು ಕರೆದುಕೊಂಡು ವನಗೂರಿನ ಹತ್ತಿರವಿರುವ ಅಣ್ಣನ ತೋಟಕ್ಕೆ ಹೋದೆ. ಅಲ್ಲಿ ಕಾಫಿ ಗಿಡ ನೆಡುವಾಗ ಗುಂಡಿಯಿಂದ ಗುಂಡಿಗೆ ಅಳತೆ ಹಿಡಿಯುವ ಒಂದು ಕೋಲಿದೆ. ಅಡಿಗೊಂದು ಕಚ್ಚು, ಅಂಗುಲಕ್ಕೊಂದು ಗೆರೆ, ಒಳ್ಳೆಯ ಬಲಿತ ಬೀಟೆ. ಮರ ಹಿಗ್ಗುವುದಿಲ್ಲ. ಅಣ್ಣ ಮನೆಯಲ್ಲಿರಲಿಲ್ಲ. ಸ್ಟೋರಿನ ಮೂಲೆಯಿಂದ ಕೋಲು ತಂದು ಅಂಗಳದಲ್ಲಿ ನಿಲ್ಲಿಸಿ, ಅದರ ಪಕ್ಕಕ್ಕೆ ಒಬ್ಬೊಬ್ಬರನ್ನೇ ನಿಲ್ಲಿಸಿದೆ. ಇಬ್ಬರೂ ಮೂರಡಿಗೆ ಒಂದೇ ಅಂಗುಲ ಕಡಿಮೆ. ಸುಮಾರು ಎಂಬತ್ತೊಂಬತ್ತು ಸೆಂಟಿಮೀಟರ್. ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು. ಆದರೂ ಗೇಟಿನಲ್ಲಿ ಪೂರ್ತಿ ದರ ತೆತ್ತು ಮಾನ ಕಳೆದುಕೊಳ್ಳುವ ಬದಲು ಈಗಲೇ ಕಡಿಮೆ ದರದಲ್ಲಿ ಮುಗಿಸುವುದೇ ಜಾಣತನವೆಂದು, ಅಲ್ಲೇ ಜಗಲಿಯಲ್ಲಿ ಕೂತು, ಸಿಗ್ನಲ್ ಬಂದ ಹೊತ್ತು ನೋಡಿ ಮಕ್ಕಳಿಬ್ಬರಿಗೂ ಟಿಕೆಟ್ ಮಾಡಿಬಿಟ್ಟೆ.

ಜೂನ್ ಮೊದಲ ವಾರ ಹೋದೆವು. ಒಳಗಿನ ಊಟಕ್ಕೆ ವಿಪರೀತ ಬೆಲೆ, ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ಬೆಳಿಗ್ಗೆ ಒಂಬತ್ತೂವರೆಗೆ ಪಾರ್ಕಿನ ಎದುರಿನ ಮರದ ಕೆಳಗೆ ಮಧ್ಯಾಹ್ನದ ಊಟ ಮುಗಿಸಿದೆವು. ಅಮ್ಮ ಕಟ್ಟಿಕೊಟ್ಟ ಅಕ್ಕಿ ರೊಟ್ಟಿಯಲ್ಲಿ ಒಂದನ್ನೂ ಬಿಡಕೂಡದೆಂದು ನಾನು ಹಟ ಹಿಡಿದೆ. ಶಶಿಯ ಫೋನನ್ನು ಚಿಕ್ಕಮ್ಮನ ಮನೆಯಲ್ಲೇ ಬಿಡಿಸಿದ್ದೆ. ಎರಡು ಫೋನಿದ್ದರೆ ಲಾಕರ್ ಬೇಕಾಗುತ್ತದೆ, ಒಂದಾದರೆ ಜೇಬಿನಲ್ಲಿರುತ್ತದೆ. ಆ ಒಂದು ಫೋನಿನಲ್ಲಿ ಬಸ್ಸಿನ ದಾರಿಯುದ್ದಕ್ಕೂ ಮಕ್ಕಳು ಆನೆಯ ಹಾಡು ನೋಡಿ ನೋಡಿ ಅದರ ಜೀವ ಕುತ್ತಿಗೆಗೆ ಬಂದಿತ್ತು.

ಗೇಟಿನಲ್ಲಿ ಒಬ್ಬಳು ಹುಡುಗಿ ಗೋಡೆಯ ಹಲಗೆಯೆದುರು ಮಕ್ಕಳನ್ನು ನಿಲ್ಲಿಸಿ ನೋಡಿದಳು. ನನ್ನ ಟಿಕೆಟ್ಟುಗಳನ್ನೂ ನೋಡಿದಳು. “ಸರ್, ಇಬ್ರೂ ಗೆರೆಗಿಂತ ಕೆಳಗಿದಾರೆ. ಇವ್ರಿಗೆ ಟಿಕೆಟ್ ಬೇಕಿರ್ಲಿಲ್ಲ.”

ಸಾಧ್ಯವೇ ಇಲ್ಲ, ಇನ್ನೊಮ್ಮೆ ನೋಡಿ ಎಂದೆ. ನೋಡಿದಳು. ಬೂಟು ಹಾಕಿಸಿ ನಿಲ್ಲಿಸಿದೆ. ಅನುವಿನ ಜುಟ್ಟನ್ನು ನೆತ್ತಿಯ ಮೇಲಕ್ಕೆ ಎತ್ತಿ ಕಟ್ಟಿದೆ. ಆದಿಗೆ ತುದಿಗಾಲಲ್ಲಿ ನಿಲ್ಲಲು ಹೇಳಿಕೊಟ್ಟೆ. ಆ ಹುಡುಗಿ ಬಹಳ ಮರ್ಯಾದೆಯಿಂದ, “ಸರ್, ಎಲ್ರೂ ಇಲ್ಲಿ ಮಕ್ಳಿಗೆ ಮಂಡಿ ಬಗ್ಸು ಅಂತಾರೆ. ಉದ್ದ ಆಗು ಅಂತ ಹೇಳಿದ್ದು ನೀವೇ ಮೊದಲು” ಎಂದಳು. ಹಿಂದೆ ನಿಂತಿದ್ದವರು ನಕ್ಕರು. ಶಶಿ ನನ್ನ ಕಿವಿಯ ಹತ್ತಿರ ಬಂದು, ಟೇಪು ಹಿಗ್ಗಿರಲಿಲ್ಲ ಅಲ್ವಾ ಎಂದು ಮೆಲ್ಲಗೆ ಕೇಳಿದಳು.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. “ಲೋ, ಗುಂಡಿ ಕೋಲಲ್ಲಿ ಮಕ್ಳನ್ನ ಅಳೆದ್ಯಾ? ಅದರ ಬುಡ ನೆಲಕ್ಕೆ ಕುಟ್ಟೀ ಕುಟ್ಟೀ ಸೀಳ್ತದೆ ಅಂತ ವರ್ಷಾ ಒಂದಿಷ್ಟು ಕತ್ತೀಲಿ ಸವರ್ತೀವಿ ಕಣೋ. ನಾಕು ಬೆರಳು ಕಳ್ದು ಲೆಕ್ಕ ಹಾಕ್ಬೇಕು. ಇಲ್ಲಿ ಗುಂಡಿ ತೆಗೆಯೋರಿಗೆಲ್ಲ ಗೊತ್ತೈತೆ, ನಿನ್ನೊಬ್ಬನ್ನ ಬುಟ್ಟು” ಎಂದ. ಆಮೇಲೆ ನಗಲು ಶುರುಮಾಡಿದ. ಆ ನಗುವಿನ ನಡುವೆಯೇ ನನ್ನ ಫೋನು ಪ್ರಾಣಬಿಟ್ಟಿತು.

ಸೋಲೊಪ್ಪುವ ಜಾತಿಯವನಲ್ಲ ನಾನು. ದುಡ್ಡು ವಾಪಸಿಲ್ಲವೆಂದು ಬರೆದಿದ್ದರೂ ಒಳಗಿನ ವಿಚಾರಣೆ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಶಶಿ ಎದುರಿನ ಕಲ್ಲುಬೆಂಚಿನ ಮೇಲೆ ಎರಡು ತೊಡೆಗೆ ಎರಡು ಮಕ್ಕಳನ್ನು ಕೂರಿಸಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು ಕೂತಳು. ಆ ಬೆಂಚಿಗೆ ನೇರ ಎದುರಿಗೆ ಅವಳ ದೋಣಿ. ಮೇಲಕ್ಕೆ ಹೋಗುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಕೂಗಿಕೊಂಡು ಜಾರುತ್ತದೆ. ಅರ್ಧ ಗಂಟೆ ಕಳೆಯಿತು. ಮೋಡ ಕಟ್ಟಿಕೊಂಡು ಬಂತು. ಮಳೆ ಜೋರಾದರೆ ದೋಣಿ ನಿಲ್ಲಿಸುತ್ತಾರೆಂದು ಮೈಕಿನಲ್ಲಿ ಹೇಳಿದರು. ನನ್ನ ಮುಂದೆ ಇನ್ನಿಬ್ಬರಿದ್ದರು. ತಿರುಗಿ ನೋಡಿದೆ. ಶಶಿ ದೋಣಿಯನ್ನು ನೋಡುತ್ತಿರಲಿಲ್ಲ, ಮಕ್ಕಳ ಮೂಗು ಒರೆಸುತ್ತಿದ್ದಳು. ನೋಡಬಾರದೆಂದು ನೋಡದಿರುವ ಹಾಗಿತ್ತು. ಇನ್ನಿಬ್ಬರು ಮುಗಿಯುವವರೆಗೆ ನಿಂತರೆ ದುಡ್ಡು ಬರಬಹುದು, ಅಥವಾ ಬರದಿರಬಹುದು, ದೋಣಿಯಂತೂ ನಿಲ್ಲುತ್ತದೆ. ನಾನು ಸಾಲು ಬಿಟ್ಟು ಬಂದು, ಮಕ್ಕಳನ್ನೂ ಬ್ಯಾಗನ್ನೂ ಕಿತ್ತುಕೊಂಡು, ‘ಹೋಗು, ಬೇಗ’ ಎಂದೆ.

ನನ್ನ ನೆನಪಿನ ಪ್ರಕಾರ ಹೀಗೆ. ಶಶಿಯ ಪ್ರಕಾರ ನಾನು ಸಾಲಿನಲ್ಲೇ ನಿಂತು ಮುಂದಿನವನಿಗೆ ಗ್ರಾಹಕರ ಹಕ್ಕಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ; ಅವಳೇ ಎದ್ದು ಬಂದು ಒಂದು ಮಗುವನ್ನು ನನ್ನ ಕಂಕುಳಿಗೂ ಇನ್ನೊಂದನ್ನು ಹೆಗಲಿಗೂ ಹೇರಿ, ಬ್ಯಾಗನ್ನು ಕುತ್ತಿಗೆಗೆ ನೇತುಹಾಕಿ ಓಡಿದಳು. ಕಿಟಕಿಯವನು ಆಮೇಲೆ ನನಗೆ ಆಗುವುದಿಲ್ಲವೆಂದು ಹೇಳಿದ ಮಾತುಗಳನ್ನು ನಾನು ಇವತ್ತಿಗೂ ಅಕ್ಷರಶಃ ಒಪ್ಪಿಸಬಲ್ಲೆ ಎನ್ನುವುದು ಅವಳ ವಾದಕ್ಕೆ ಸ್ವಲ್ಪ ಬಲ ಕೊಡುತ್ತದೆ.

ಏನೇ ಇರಲಿ, ಅವಳು ದೋಣಿ ಹತ್ತಿದಳು. ಸಾಲಾಗಿ ನಾಲ್ಕು ಸಲ ಹತ್ತಿದಳು. ನಾಲ್ಕನೆಯ ಸಲಕ್ಕೆ ಮಳೆ ಹನಿಯತೊಡಗಿತ್ತು. ದೋಣಿ ಜಾರುವ ಜಾಗದಲ್ಲಿ ಕ್ಯಾಮೆರಾ ಇಟ್ಟು ಎಲ್ಲರ ಮುಖ ಹಿಡಿಯುತ್ತಾರೆ, ಹೊರಗೆ ಬರುವ ದಾರಿಯಲ್ಲಿ ಪರದೆಯ ಮೇಲೆ ತೋರಿಸುತ್ತಾರೆ. ಬೇಕಾದವರು ಇನ್ನೂರು ರೂಪಾಯಿ ಕೊಟ್ಟರೆ ಪ್ರಿಂಟ್. ಮಕ್ಕಳನ್ನು ಹೊತ್ತುಕೊಂಡು ನಾನು ಅದರ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಶಶಿ. ಮದುವೆಯಾಗಿ ಆರು ವರ್ಷವಾಗಿದೆ, ಅಂಥ ಮುಖವನ್ನು ನಾನು ನೋಡಿರಲಿಲ್ಲ. ಬಾಯಿ ಪೂರ್ತಿ ತೆರೆದು, ಕೈ ಎರಡೂ ಮೇಲಕ್ಕೆತ್ತಿ, ಯಾರ ಹೆಂಡತಿಯೂ ಯಾರ ತಾಯಿಯೂ ಅಲ್ಲದ ಒಬ್ಬಳು ಹುಡುಗಿ ನಗುತ್ತಿದ್ದಳು. ಅವಳೂ ಒದ್ದೆಯಾಗಿ ಬಂದು ಪಕ್ಕದಲ್ಲಿ ನಿಂತು ನೋಡಿದಳು. ಕೌಂಟರಿನವನು ಪ್ರಿಂಟ್ ಹಾಕ್ಲಾ ಸರ್ ಎಂದ. ಮಕ್ಕಳ ಟಿಕೆಟ್ಟಿಗೆ ದಂಡವಾದದ್ದನ್ನು ಎಲ್ಲಾದರೂ ಹಿಂದಕ್ಕೆ ಪಡೆಯಲೇಬೇಕೆಂದು ಪಣ ತೊಟ್ಟಿದ್ದವನು ನಾನು. “ಬೇಡ ಬಿಡು, ಚೆನ್ನಾಗಿ ನೋಡ್ಕೊಂಡಿದೀನಲ್ಲ, ನೆನಪಿರುತ್ತೆ” ಎಂದೆ.

ಶಶಿ ನನ್ನನ್ನು ಒಂದು ಸಲ ನೋಡಿದಳು. ಪರದೆಯ ಮೇಲೆ ಮುಂದಿನ ದೋಣಿ ಬಂತು.

ಒಂದು ವರ್ಷವಾಯಿತು. ಆ ಮುಖವನ್ನು ನಾನು ಎಷ್ಟು ಸಲ ಹೊರಗೆ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಏನೋ ಒಂದು ಬದಲಾಗಿರುತ್ತದೆ. ಕೂದಲು ಬಿಚ್ಚಿತ್ತೋ ಕಟ್ಟಿತ್ತೋ ತಿಳಿಯದು. ಕಣ್ಣು ಮುಚ್ಚಿದ್ದಳು ಎಂದು ಮೊನ್ನೆಯವರೆಗೆ ಖಚಿತವಿತ್ತು, ಈಗ ಇಲ್ಲ. ಶಶಿಯನ್ನು ಕೇಳಿದರೆ ಒಂದು ದಿನ ಜಡೆ ಎನ್ನುತ್ತಾಳೆ, ಇನ್ನೊಂದು ದಿನ ತುರುಬು ಎನ್ನುತ್ತಾಳೆ. ಗಣಿತದವಳಿಗೆ ಇಂಥದ್ದು ಮರೆಯುವುದಿಲ್ಲ, ಬೇಕೆಂದೇ ಮಾಡುತ್ತಾಳೆ. ಕಳೆದ ವಾರ ರೇಗಿ, ಮತ್ತೆ ಹೋಗೋಣ, ಈ ಸಲ ಪ್ರಿಂಟ್ ತಗೊಳ್ಳುವುದೇ ಎಂದೆ. ಮಕ್ಕಳು ಈಗ ನಿಜವಾಗಿಯೂ ಗೆರೆ ದಾಟಿದ್ದಾರೆ, ಅವರನ್ನು ಹಿಡಿಯಲು ಅಮ್ಮನೂ ಬರಬೇಕು. ಇನ್ನೂರು ರೂಪಾಯಿಯ ಒಂದು ಫೋಟೋಕ್ಕೆ ಐದು ಟಿಕೆಟ್. ಶಶಿ ಒಪ್ಪಿದ್ದಾಳೆ. ಆದರೆ ಕ್ಯಾಮೆರಾ ಎಲ್ಲಿದೆಯೆಂದು ಈಗ ಗೊತ್ತಿರುವುದರಿಂದ ಹಾಗೆ ನಗಲು ಬರುತ್ತದೋ ಇಲ್ಲವೋ, ತಾನು ಮಾತು ಕೊಡಲಾರೆ ಎನ್ನುತ್ತಾಳೆ. ನ್ಯಾಯವಾದ ಮಾತು. ಮೊದಲ ಸಲ ಆ ನಗು ಬರಲಿಕ್ಕಿಲ್ಲವೆಂದುಕೊಂಡು, ಎರಡು ಸಲ ಹೋಗಿಬರುವಷ್ಟು ದುಡ್ಡನ್ನು ಬೇರೆಯಾಗಿ ಎತ್ತಿಡುತ್ತಿದ್ದೇನೆ.